ಕಾಳಿನ ತೂಕ, ತೇವದ ತೂಕ

ದಾವಣಗೆರೆ
ಕಾರ್ತಿಕದ ಭಾನುವಾರ, ಬೆಳಗಿನ ಜಾವ

ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಮಗಳು ಫೋನ್ ಮಾಡಿದ್ದಳು. ನೀನು ಒಳಗೆ ಪಾತ್ರೆ ತೊಳೆಯುತ್ತಿದ್ದೆಯಂತೆ. ಶಾಲೆ ವಿಷಯ, ಪಟಾಕಿ ವಿಷಯ ಎಲ್ಲ ಹೇಳಿ, ಆಮೇಲೆ ದನಿ ತಗ್ಗಿಸಿ, ‘ದೊಡ್ಡಮ್ಮ, ಅಮ್ಮ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಮೆಷಿನ್ ಮೇಲೆ ನಿಂತು ಅತ್ಲು’ ಅಂದಳು. ನಾನು ಏನೋ ಸಮಾಧಾನ ಹೇಳುವಷ್ಟರಲ್ಲಿ ಅವಳೇ ಕೇಳಿದಳು: ‘ನಾನೂ ನಿಂತು ನೋಡ್ದೆ. ನಂದು 38 ಐತೆ. ಜಾಸ್ತಿನಾ?’

ಹನ್ನೊಂದು ವರ್ಷದ ಹುಡುಗಿ. ಆ ‘ಜಾಸ್ತಿನಾ’ ಕಿವಿಯಲ್ಲೇ ಉಳಿದು ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಅಂತ ಮುಗಿಸಿಬಿಡುತ್ತೀಯ. ದಾವಣಗೆರೆಯಿಂದ ಹರಿಹರ 14 ಕಿಲೋಮೀಟರು. ಬಸ್ ಹತ್ತಿ ಬಂದೇ ಹೇಳಬಹುದಿತ್ತು. ಆದರೆ ನಿನ್ನ ಮನೆಯಲ್ಲಿ ಕೂತರೆ ನಾವಿಬ್ಬರೂ ಬೇರೆ ಮಾತಿಗೆ ಬಿದ್ದುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆ ಕೆಲಸ ಮುಗಿದ ಮೇಲೆ ಒಬ್ಬಳೇ ಕೂತು ಓದು.

ಮೊದಲು ನೀನು ಮಾಡಿರುವ ಕೆಲಸವನ್ನು ನಿನಗೇ ನೆನಪಿಸಬೇಕು. 82 ಕಿಲೋ ಇದ್ದವಳು ಹದಿನಾಲ್ಕು ತಿಂಗಳಲ್ಲಿ 66ಕ್ಕೆ ಬಂದೆ. ಔಷಧಿ, ಪುಡಿ, ಉಪವಾಸ ಯಾವುದೂ ಇಲ್ಲದೆ. ಅನ್ನ ಅರ್ಧ ಮಾಡಿ, ಕಾಳುಪಲ್ಯ ಎರಡು ಪಾಲು ಮಾಡಿ, ಮಳೆ ಚಳಿ ಅನ್ನದೆ ಹೊಳೆ ದಂಡೆಯಲ್ಲಿ ನಡೆದು. ಅದಾಗಿ ಎಂಟು ತಿಂಗಳು ಆ 66ರಲ್ಲೇ ನಿಂತಿದ್ದೀಯ. ಇಳಿಯುತ್ತಿದ್ದಾಗ ಮದುವೆ ಮನೆಯಲ್ಲಿ, ಸಂತೆಯಲ್ಲಿ ಕಂಡವರೆಲ್ಲ ‘ಏನವ್ವಾ, ಗುರುತೇ ಸಿಗಲಿಲ್ಲ’ ಅಂದರು. ಈಗ ಯಾರೂ ಏನೂ ಅನ್ನುವುದಿಲ್ಲ. ಅವರ ಕಣ್ಣಿಗೆ ನೀನು ಇರುವುದೇ ಹೀಗೆ. ಆದರೆ ನನಗೆ ಗೊತ್ತು, ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಗಟ್ಟಿ ಕೆಲಸ. ಇಳಿಸುವಾಗ ಪ್ರತಿ ವಾರ ಒಂದು ಖುಷಿ ಸಿಗುತ್ತಿತ್ತು. ಉಳಿಸಿಕೊಳ್ಳುವವರಿಗೆ ಸಿಗುವುದು ಅದೇ ಅಂಕಿ. ಅದೂ ಒಂದು ದಿನ ಮೇಲೆ, ಒಂದು ದಿನ ಕೆಳಗೆ.

ಶುಕ್ರವಾರ ಹಬ್ಬ ಮಾಡಿದಿರಿ. ಶನಿವಾರ ಬೆಳಗ್ಗೆ 67.4 ತೋರಿಸಿತು. ಒಂದೇ ರಾತ್ರಿಯಲ್ಲಿ 1 ಕಿಲೋ 200 ಗ್ರಾಂ. ‘ಹದಿನಾಲ್ಕು ತಿಂಗಳ ಶ್ರಮ ಒಂದು ಹೋಳಿಗೆ ಊಟಕ್ಕೆ ಹೋಯಿತು’ ಅಂತ ನೀನು ವಾಟ್ಸಾಪಿನಲ್ಲಿ ಬರೆದಿದ್ದೀಯ. ಆ ಸಾಲನ್ನೇ ನಾನು ಒಪ್ಪುವುದಿಲ್ಲ.

ಅಪ್ಪನ ಕಣ ನೆನಪು ಮಾಡಿಕೋ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳ ಮುರಿದು, ತೆನೆ ಬಿಡಿಸಿ, ಕಾಳು ಹರವುತ್ತಿದ್ದರು. ಈಗಲೂ ನಮ್ಮ ಜಿಲ್ಲೆಯ ಹಳ್ಳಿ ದಾರಿಗಳಲ್ಲಿ ಈ ತಿಂಗಳು ನಡೆದರೆ ರಸ್ತೆಯ ಒಂದು ಮಗ್ಗುಲಿಗೆ ಹಳದಿ ಜಮಖಾನೆ ಹಾಸಿದ ಹಾಗೆ ಕಾಳು ಒಣಗುತ್ತಿರುತ್ತದೆ. ನಾವಿಬ್ಬರೂ ಬರಿಗಾಲಲ್ಲಿ ಕಾಳಿನ ನಡುವೆ ಗೆರೆ ಎಳೆಯುತ್ತ ತಿರುವಿಹಾಕುತ್ತಿದ್ದೆವು. ಸಂಜೆ ಅಪ್ಪ ಒಂದು ಕಾಳು ಬಾಯಿಗೆ ಹಾಕಿ ಕಚ್ಚುತ್ತಿದ್ದರು. ‘ಕಟ್’ ಅಂದರೆ ಒಣಗಿದೆ. ಹಲ್ಲು ಒಳಗಿಳಿದರೆ ‘ಇನ್ನೂ ಹಸಿ ಐತೆ, ನಾಳೆ ಒಂದು ಬಿಸಿಲು ಬೇಕು’ ಅನ್ನುತ್ತಿದ್ದರು.

ಒಂದು ವರ್ಷ ನಾನು ಅಪ್ಪನ ಜೊತೆ ದಾವಣಗೆರೆ ಎಪಿಎಂಸಿಗೆ ಹೋಗಿದ್ದೆ. ಮನೆಯಲ್ಲಿ ತೂಗಿದಾಗ ನೂರು ಕಿಲೋ ಇದ್ದ ಕಾಳು ನಾಲ್ಕು ಬಿಸಿಲು ಕಂಡು ಮಾರುಕಟ್ಟೆಗೆ ಬಂದಾಗ ತೊಂಬತ್ತಮೂರಕ್ಕೆ ನಿಂತಿತ್ತು. ನನಗೆ ಅಳು ಬಂತು, ದಾರಿಯಲ್ಲಿ ಯಾರೋ ಕದ್ದರು ಅಂತ. ಅಪ್ಪ ನಕ್ಕು ಹೇಳಿದರು: ‘ಒಂದು ಕಾಳೂ ಕಮ್ಮಿ ಆಗಿಲ್ಲವ್ವಾ. ನೀರು ಹೋಗೈತೆ.’ ಆ ಲೆಕ್ಕ ಈಗ ನಾನು ಬರೆದು ತೋರಿಸಬಲ್ಲೆ. 20% ತೇವ ಇರುವ 100 ಕಿಲೋ ಮೆಕ್ಕೆಜೋಳದಲ್ಲಿ ಗಟ್ಟಿ ಪದಾರ್ಥ 80 ಕಿಲೋ. ಅದನ್ನು 14% ತೇವಕ್ಕೆ ಒಣಗಿಸಿದರೆ ಒಟ್ಟು ತೂಕ 93 ಕಿಲೋ. ಬೆಂಬಲ ಬೆಲೆಯ ಖರೀದಿಗೂ ಮೆಕ್ಕೆಜೋಳದಲ್ಲಿ ತೇವ 14% ಮೀರಬಾರದು ಅನ್ನುತ್ತಾರಲ್ಲ, ಅದು ಇದಕ್ಕೇ. ತಕ್ಕಡಿ ಒಂದೇ ಸಾಲದು. ಆ ತೂಕದಲ್ಲಿ ಕಾಳೆಷ್ಟು, ತೇವ ಎಷ್ಟು ಅಂತ ಕೇಳಬೇಕು. ರೈತನ ಮಕ್ಕಳಾದ ನಾವು ಹೊಲದ ಫಸಲಿಗೆ ಕೇಳುವ ಈ ಪ್ರಶ್ನೆಯನ್ನು ನಮ್ಮ ಮೈಗೆ ಕೇಳುವುದನ್ನು ಮರೆತಿದ್ದೇವೆ.

ಈಗ ನಿನ್ನ 1 ಕಿಲೋ 200 ಗ್ರಾಮನ್ನು ಕಚ್ಚಿ ನೋಡೋಣ.

ಒಂದು ಕಿಲೋ ಕೊಬ್ಬು ಮೈಗೆ ಸೇರಬೇಕಾದರೆ ನಮ್ಮ ದಿನದ ಖರ್ಚಿನ ಮೇಲೆ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. 1.2 ಕಿಲೋಗೆ 9,000 ದಾಟುತ್ತದೆ. ತುಪ್ಪ ಸೇರಿ ಒಂದು ಹೋಳಿಗೆಗೆ 300 ಅಂತ ಹಿಡಿದರೂ, ದಿನದ ಊಟವೆಲ್ಲ ಮುಗಿದ ಮೇಲೆ ಇನ್ನೂ 30 ಹೋಳಿಗೆ. ನೀನು ತಿಂದದ್ದು ಎರಡೂವರೆ. ನಾನೇ ಪಕ್ಕದಲ್ಲಿ ಕೂತಿದ್ದೆ. ಹಾಗಾದರೆ ಉಳಿದ ತೂಕ ಎಲ್ಲಿಂದ ಬಂತು?

ಒಂದು ಪಾಲು ಸಕ್ಕರೆಯ ದಾಸ್ತಾನು. ನಾವು ತಿಂದ ಅನ್ನ, ಬೆಲ್ಲ, ಹಿಟ್ಟು ಗ್ಲೂಕೋಸ್ ಆಗಿ, ಬಳಸಿ ಮಿಕ್ಕಿದ್ದರಲ್ಲಿ ಒಂದಷ್ಟು ಗ್ಲೈಕೋಜನ್ ರೂಪದಲ್ಲಿ ಈಲಿಯಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂನಷ್ಟು ಕೂರುತ್ತದೆ. ಅದು ಒಂಟಿಯಾಗಿ ಕೂರುವುದಿಲ್ಲ. ಪ್ರತಿ ಗ್ರಾಮೂ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ತಿಂಗಳುಗಟ್ಟಲೆ ಅನ್ನ ಕಡಿಮೆ ಮಾಡಿದ ನಿನ್ನ ಕಣಜ ಅರ್ಧ ಖಾಲಿ ಇದ್ದಿರಬೇಕು. ಹಬ್ಬದ ದಿನ ಅದರಲ್ಲಿ 200 ಗ್ರಾಂ ತುಂಬಿತು ಅಂದುಕೋ; ನೀರೂ ಸೇರಿ 800 ಗ್ರಾಂ ಆಯಿತು. ಡಯಟ್ ಶುರು ಮಾಡಿದ ಮೊದಲ ವಾರ ಸರ್ರನೆ ಎರಡು ಕಿಲೋ ಇಳಿದು ನೀನು ಕುಣಿದಾಡಿದೆಯಲ್ಲ, ಆವತ್ತು ಹೋದದ್ದರಲ್ಲೂ ಬಹುಪಾಲು ಇದೇ ನೀರು. ಅಂದು ಕುಣಿದದ್ದಕ್ಕೆ ನಾನು ಬೇಡ ಅನ್ನಲಿಲ್ಲ. ಇಂದು ಅಳುವುದಕ್ಕೆ ಬೇಡ ಅನ್ನುತ್ತೇನೆ.

ಇನ್ನೊಂದು ಪಾಲು ಉಪ್ಪು. ನಮ್ಮ ರಕ್ತದ ನೀರಿಗೆ ತನ್ನದೇ ಹದ ಇದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುವುದು ಆ ಹದಕ್ಕೆ ಹೊಂದಲಿ ಅಂತಲೇ. ಹೆಚ್ಚು ಉಪ್ಪು ಒಳಗೆ ಬಂದರೆ ಬಾಯಾರುತ್ತದೆ, ಕುಡಿಯುತ್ತೇವೆ, ಮೂತ್ರಪಿಂಡ ಆ ಉಪ್ಪನ್ನು ಹೊರಹಾಕುವ ತನಕ ನೀರು ಒಳಗೇ ಕಾಯುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಊರಿನ ಖಾರ ಮಂಡಕ್ಕಿ, ಮಿರ್ಚಿ, ಹಬ್ಬದೂಟದ ಹಪ್ಪಳ, ಉಪ್ಪಿನಕಾಯಿ, ಹೋಳಿಗೆ ಸಾರು ಒಂದೇ ದಿನ ಸೇರಿದರೆ ಎಷ್ಟಾಗುತ್ತದೆ ಅಂತ ನೀನೇ ಅಂದಾಜು ಮಾಡು. ಎರಡು ಮೂರು ದಿನ ಮನೆಯ ಸಪ್ಪೆ ಊಟ ಮಾಡಿದರೆ ಆ ನೀರು ಬಂದ ದಾರಿಯಲ್ಲೇ ಹೋಗುತ್ತದೆ.

ಮಿಕ್ಕಿದ್ದು ಹೊಟ್ಟೆಯಲ್ಲಿ, ಕರುಳಲ್ಲಿ ಇನ್ನೂ ದಾರಿಯಲ್ಲಿರುವ ಊಟ. ಇದಲ್ಲದೆ ನಿನ್ನ ಮುಟ್ಟಿನ ದಿನ ಹತ್ತಿರ ಇದ್ದರೆ ಮೈ ತಾನಾಗಿ ನೀರು ಹಿಡಿಯುತ್ತದೆ. ಎಷ್ಟೋ ಹೆಂಗಸರಿಗೆ ಆ ನಾಲ್ಕೈದು ದಿನ ಒಂದು ಕಿಲೋ ಆಚೀಚೆ ಆಗುತ್ತದೆ. ಗುಡ್ಡ ಹತ್ತಿ ಬಂದು ಕಾಲು ನೋಯುವ ಮರುದಿನವೂ ಹಾಗೇ. ನೊಂದ ಸ್ನಾಯು ರಿಪೇರಿಗೆ ನೀರು ಕರೆಸಿಕೊಳ್ಳುತ್ತದೆ. ಒಳ್ಳೆಯ ಕೆಲಸ ಮಾಡಿದ ದಿನವೇ ಅಂಕಿ ಏರುವುದೂ ಉಂಟು.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಬ್ಬ ಹಳೆಯ ವೈದ್ಯ ಇದ್ದಾನೆ. ಇಟಲಿಯ ಪಾದುವಾದಲ್ಲಿ ಪಾಠ ಹೇಳುತ್ತಿದ್ದ ಸ್ಯಾಂಟೋರಿಯೋ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಊಟ ಮಾಡುತ್ತ, ಉಂಡದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ಸುಮಾರು 30 ವರ್ಷ ತೂಗಿದ. 1614ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಒಳಗೆ ಹೋದದ್ದಕ್ಕಿಂತ ಕಣ್ಣಿಗೆ ಕಾಣುವಂತೆ ಹೊರಬಂದದ್ದು ಎಷ್ಟೋ ಕಡಿಮೆ, ಉಳಿದದ್ದು ಉಸಿರಲ್ಲಿ, ಚರ್ಮದಲ್ಲಿ ಕಾಣದಂತೆ ಹೋಗುತ್ತದೆ ಅನ್ನುವುದು ಅವನ ಕಾಣ್ಕೆ. ನೀನು ರಾತ್ರಿ ಮಲಗುವಾಗಲೂ ಬೆಳಗ್ಗೆ ಎದ್ದಾಗಲೂ ತೂಗಿದರೆ ಅದೇ ಕಾಣುತ್ತೀಯ. ಸುಮ್ಮನೆ ನಿದ್ದೆ ಮಾಡಿದ್ದಕ್ಕೆ ಅರ್ಧ ಕಿಲೋ, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿದಿರುತ್ತದೆ. ಮೈ ಅಂದರೆ ಕಲ್ಲಿನ ಗುಂಡಲ್ಲ, ಪುಟ್ಟಿ. ನಿಮ್ಮ ತುಂಗಭದ್ರೆಯ ಹಾಗೆ ಒಂದು ಕಡೆಯಿಂದ ಬರುತ್ತ ಇನ್ನೊಂದು ಕಡೆಯಿಂದ ಹೋಗುತ್ತ ಇರುವಂಥದ್ದು. ಒಂದು ದಿನದ ನೀರಿನ ಮಟ್ಟ ನೋಡಿ ಹೊಳೆ ಹೀಗೆ ಅಂತ ಯಾರು ಹೇಳುತ್ತಾರೆ?

ಹಾಗಾದರೆ ತೂಗುವುದೇ ಬೇಡವೇ? ಇದನ್ನು ನಾನು ಒಮ್ಮೆ ಮಾಡಿ ನೋಡಿದ್ದೇನೆ, ನಿನಗೆ ಪೂರ್ತಿ ಹೇಳಿರಲಿಲ್ಲ. ಮೊದಲ ಸಲ ನಾನು 14 ಕಿಲೋ ಇಳಿಸಿದ್ದೆನಲ್ಲ, ಆಗ ಒಂದು ಮದುವೆ ಮುಗಿಸಿ ಬಂದ ಮರುದಿನ ಎರಡು ಕಿಲೋ ಹೆಚ್ಚು ತೋರಿಸಿತು. ಹೆದರಿ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ನೋಡದಿದ್ದರೆ ನೋವಿಲ್ಲ ಅಂದುಕೊಂಡೆ. ಆ ಎರಡು ಕಿಲೋ ನೀರು. ನಾಲ್ಕು ದಿನದಲ್ಲಿ ಹೋಗಿರುತ್ತಿತ್ತು. ಆದರೆ ‘ಹೇಗೂ ಕೆಟ್ಟಿತು’ ಅನ್ನುವ ಭಾವ ಹೋಗಲಿಲ್ಲ. ಆ ಭಾವವೇ ಮುಂದೆ ಊಟ ಬಡಿಸಿತು. ಎರಡು ವರ್ಷದಲ್ಲಿ 14 ಕಿಲೋವೂ ವಾಪಸ್ ಬಂತು. ನೀರಿನ ತೂಕಕ್ಕೆ ಹೆದರಿ ಕಾಳಿನ ತೂಕ ಕಟ್ಟಿಕೊಂಡೆ. ನೀನು ಶನಿವಾರ ದಿನವಿಡೀ ಉಪವಾಸ ಇದ್ದೆ ಅಂತ ಕೇಳಿ ನನಗೆ ಭಯವಾದದ್ದು ಇದಕ್ಕೇ. ಉಪವಾಸದ ರಾತ್ರಿ ಎಂಥ ಹಸಿವು ಬರುತ್ತದೆ ಅಂತ ನಿನಗೆ ನಾನು ಹೇಳಬೇಕಿಲ್ಲ.

ಆ ಹಸಿವು ನಿನ್ನ ಮನಸ್ಸಿನ ದೌರ್ಬಲ್ಯವೂ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50 ಜನರಿಗೆ ಹತ್ತು ವಾರ ಬಹಳ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿ ನೋಡಿದರು. 2011ರಲ್ಲಿ ಅದರ ವರದಿ ಬಂತು. ತೂಕ ಇಳಿದು ಒಂದು ವರ್ಷವಾದ ಮೇಲೂ ಅವರ ರಕ್ತದಲ್ಲಿ ಹಸಿವು ಎಬ್ಬಿಸುವ ಗ್ರೆಲಿನ್ ಮೊದಲಿಗಿಂತ ಹೆಚ್ಚಿತ್ತು, ತೃಪ್ತಿ ಕೊಡುವ ಲೆಪ್ಟಿನ್ ಕಡಿಮೆ ಇತ್ತು. ಮೈ ಕಳೆದುಕೊಂಡದ್ದನ್ನು ಬರಗಾಲ ಅಂತ ತಿಳಿದು ವಾಪಸ್ ಕೇಳುತ್ತಲೇ ಇರುತ್ತದೆ. ನೀನು ಎಂಟು ತಿಂಗಳಿಂದ ಆ ಕರೆಗೆ ದಿನಾ ಮೂರು ಹೊತ್ತು ಉತ್ತರ ಕೊಡುತ್ತಿದ್ದೀಯ. ಹಾಗಿರುವಾಗ ಒಂದು ಬೆಳಗಿನ ಅಂಕಿಗೆ ನಿನ್ನನ್ನು ನೀನೇ ಬೈದುಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ತೂಗಬೇಕು. ಆದರೆ ಅಪ್ಪ ತೂಗಿದ ಹಾಗೆ, ತೇವ ಕೇಳಿ ತೂಗಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ರೆನಾ ವಿಂಗ್ ಮತ್ತು ಅವರ ಸಂಗಡಿಗರು ಈ ಉಳಿಸಿಕೊಳ್ಳುವ ವಿದ್ಯೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. 2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಇಳಿಸಿಕೊಂಡಿದ್ದ 314 ಜನ ಇದ್ದರು. ಕೆಲವರಿಗೆ ದಿನಾ ತೂಗಿ ಮೂರು ಬಣ್ಣದ ಗೆರೆ ಹಾಕಿಕೊಳ್ಳಲು ಕಲಿಸಿದರು. ನೆಲೆಯ ತೂಕಕ್ಕಿಂತ 1.4 ಕಿಲೋ ಒಳಗೆ ಇದ್ದರೆ ಹಸಿರು. ಅದನ್ನು ಮೀರಿದರೆ ಹಳದಿ, ಊಟ ನಡಿಗೆ ಸ್ವಲ್ಪ ಸರಿಮಾಡಿಕೊಳ್ಳುವುದು. 2.3 ಕಿಲೋ ಮುಟ್ಟಿದರೆ ಕೆಂಪು, ಇಳಿಸುವಾಗ ಮಾಡಿದ್ದನ್ನೇ ಮತ್ತೆ ಶುರು ಮಾಡುವುದು. ಒಂದೂವರೆ ವರ್ಷದ ನಂತರ ನೋಡಿದರೆ, ಬರೀ ಸುದ್ದಿಪತ್ರ ಓದಿಕೊಂಡಿದ್ದವರಲ್ಲಿ 72% ಮಂದಿಗೆ 2.3 ಕಿಲೋ ಅಥವಾ ಹೆಚ್ಚು ತೂಕ ಮರಳಿತ್ತು. ಎದುರು ಕೂತು ಈ ವಿದ್ಯೆ ಕಲಿತವರಲ್ಲಿ ಅದು 46%. ಕಲಿತವರಲ್ಲೂ ಎಲ್ಲರೂ ಗೆಲ್ಲಲಿಲ್ಲ, ನಿಜ. ಆದರೆ ಆ ಹಸಿರು ಗೆರೆ ನೋಡು. 1.4 ಕಿಲೋ ತನಕ ‘ಸರಿಯಾಗಿದ್ದೀಯ’ ಅನ್ನುತ್ತದೆ. ಅಷ್ಟು ಆಚೀಚೆಗೆ ಜಾಗ ಬಿಟ್ಟೇ ಅವರು ಗೆರೆ ಎಳೆದರು. ನಿನ್ನ ಶನಿವಾರ ಆ ಗೆರೆಯ ತುದಿಗೆ ಬಂದು ನಿಂತಿದೆ, ದಾಟಿಲ್ಲ.

ಇನ್ನೊಂದು ಲೆಕ್ಕ. ನೀನು ದಿನಾ ಕಳಿಸುವ ಅಂಕಿಗಳು ನನ್ನ ಹತ್ತಿರ ಇವೆ. ಈ ವಾರದವು: 66.0, 65.8, 66.3, 66.1, 65.9, 66.2, 67.4. ಕೂಡಿಸಿದರೆ 463.7. ಏಳರಿಂದ ಭಾಗಿಸಿದರೆ 66.2. ಇದು ನಿನ್ನ ವಾರದ ತೂಕ. ಹೋದ ವಾರ 66.1 ಇತ್ತು. ನೀನು ಅತ್ತದ್ದು 67.4ಕ್ಕೆ. ಇದ್ದದ್ದು 66.2ರಲ್ಲಿ.

ಇನ್ನು ಮುಂದೆ ಹೀಗೆ ಮಾಡು. ಬೆಳಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೂ ಮೊದಲು, ಅದೇ ಯಂತ್ರ, ಅದೇ ಕಲ್ಲಿನ ನೆಲ, ಹೆಚ್ಚುಕಡಿಮೆ ಅದೇ ಬಟ್ಟೆ. ಒಂದೇ ಸಲ. ನಡುಹಗಲು, ರಾತ್ರಿ ಬೇಡ. ಎರಡು ಲೋಟ ನೀರು ಕುಡಿದರೆ ಅರ್ಧ ಕಿಲೋ ಏರುವ ತಕ್ಕಡಿಯನ್ನು ದಿನಕ್ಕೆ ಮೂರು ಸಲ ಪ್ರಶ್ನೆ ಕೇಳಬಾರದು. ಭಾನುವಾರ ಸರಾಸರಿ ತೆಗೆದು ಹೋದ ವಾರದ್ದಕ್ಕೆ ಹೋಲಿಸು. ಎರಡು ಮೂರು ವಾರ ಸರಾಸರಿಯೇ ಮೇಲೆ ಹೋಗುತ್ತಿದ್ದರೆ ಆಗ ಕಾಳು ಕಚ್ಚಿ ನೋಡುವ ಹೊತ್ತು: ಸಂಜೆ ಚಹಾದ ಜೊತೆ ಏನು ಸೇರಿದೆ, ನಡಿಗೆ ಎಲ್ಲಿ ತಪ್ಪಿದೆ, ಎಣ್ಣೆ ಎಷ್ಟು ಖರ್ಚಾಗಿದೆ. ಹಬ್ಬದ ಮರುದಿನ ಮಾತ್ರ ಉಪವಾಸ ಬೇಡ. ರೊಟ್ಟಿ, ಕಾಳುಪಲ್ಯ, ಮಜ್ಜಿಗೆ, ಎಂದಿನ ನಡಿಗೆ. ಎಂದಿನ ದಿನಕ್ಕೆ ಮರಳುವುದೇ ಅದಕ್ಕೆ ಔಷಧಿ.

ಎರಡು ಎಚ್ಚರಿಕೆ ಮಾತ್ರ ಮರೆಯಬೇಡ. ಎರಡು ಮೂರು ದಿನದಲ್ಲಿ ತೂಕ ಏರಿ, ಜೊತೆಗೆ ಪಾದ ಊದಿಕೊಂಡರೆ, ಮಲಗಿದರೆ ಉಸಿರು ಕಟ್ಟಿದರೆ, ಅದನ್ನು ಹಬ್ಬದ ನೀರು ಅಂದುಕೊಳ್ಳದೆ ಅವತ್ತೇ ಡಾಕ್ಟರ ಹತ್ತಿರ ಹೋಗು. ಹೃದಯ, ಮೂತ್ರಪಿಂಡ ಸೋತಾಗಲೂ ಮೈ ಹೀಗೇ ನೀರು ಹಿಡಿಯುತ್ತದೆ. ಇನ್ನೊಂದು, ಇಷ್ಟೆಲ್ಲ ತಿಳಿದ ಮೇಲೂ ಅಂಕಿ ನೋಡಿದ ಕೂಡಲೇ ಅನ್ನ ಬಿಡಬೇಕು ಅನ್ನಿಸಿದರೆ ಯಂತ್ರವನ್ನು ನನ್ನ ಮನೆಗೆ ಕಳಿಸಿಬಿಡು. ವಾರಕ್ಕೊಮ್ಮೆ ಇಲ್ಲಿಗೇ ಬಂದು ತೂಗಿಕೊಂಡು ಹೋದರಾಯಿತು. ನಿನ್ನ ನೆಮ್ಮದಿಗಿಂತ ದೊಡ್ಡದಲ್ಲ ಆ ಯಂತ್ರ.

ಮಗಳ ವಿಷಯಕ್ಕೆ ಬರುತ್ತೇನೆ. ರಾತ್ರಿ ನಾನು ಅವಳಿಗೆ ಹೇಳಿದೆ: ‘ನೀನು ಬೆಳೀತಿರೋ ಹುಡುಗಿ ಕಣವ್ವಾ. ನಿನ್ನ ತೂಕ ಏರಬೇಕು, ಎತ್ತರಾನೂ ಏರಬೇಕು. ಅದು ಜಾಸ್ತಿ ಅಲ್ಲ, ಬೆಳೆ.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಅಮ್ಮಂದು?’ ಅಂತ ಕೇಳಿದಳು. ಅದಕ್ಕೆ ಉತ್ತರ ನೀನೇ ಕೊಡಬೇಕು, ಮತ್ತು ಬಾಯಲ್ಲಿ ಕೊಟ್ಟರೆ ಸಾಲದು. ನೀನು ಯಂತ್ರದ ಮೇಲಿಂದ ಇಳಿಯುವಾಗಿನ ನಿನ್ನ ಮುಖವನ್ನು ಅವಳು ಓದುತ್ತಾಳೆ. ನಾಳೆ ಅವಳು ಇಳಿಯುವಾಗ ಅದೇ ಮುಖ ಹೊತ್ತುಕೊಳ್ಳುತ್ತಾಳೆ. ಅಂಕಿ ನೋಡಿ, ಬರೆದಿಟ್ಟು, ಒಲೆ ಹಚ್ಚಿ ಅವಳ ಜೊತೆ ಕೂತು ತಿಂಡಿ ತಿನ್ನು. ಅಷ್ಟು ಸಾಕು ಅವಳಿಗೆ.

ಈ ಕಾಗದದ ಜೊತೆ ಒಂದು ಪುಸ್ತಕ ಕಳಿಸುತ್ತಿದ್ದೇನೆ. ಅಪ್ಪನ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಟ್ರಂಕಿನಲ್ಲಿ ಇಷ್ಟು ದಿನ ನಾನೇ ಇಟ್ಟುಕೊಂಡಿದ್ದೆ. ತೆರೆದು ನೋಡು, ಪ್ರತಿ ಸಾಲಿನಲ್ಲಿ ಚೀಲದ ತೂಕ ಬರೆದು ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತು ಬರೆದಿದ್ದಾರೆ: ‘ಹಸಿ’, ‘ಒಣ’, ‘ಮೋಡ ಇತ್ತು’, ‘ಇನ್ನೊಂದು ಬಿಸಿಲು’. ಯಾವ ಸಾಲಿನಲ್ಲೂ ಬರೀ ಅಂಕಿ ಇಲ್ಲ. ಕೊನೆಯ ಮೂವತ್ತು ಹಾಳೆ ಖಾಲಿ ಉಳಿದಿವೆ. ಅವು ನಿನಗೆ.

ನಿನ್ನೆಯ ಸಾಲು ನಾನೇ ಬರೆದಿದ್ದೇನೆ: ‘67.4. ಹಬ್ಬ. ಹಸಿ.’ ನಾಳೆಯಿಂದ ನೀನು ಬರಿ. ಪಕ್ಕದ ಮಾತು ಬಿಡಬೇಡ.

ನಿನ್ನ
ಅಕ್ಕ